ಪೊಟ್ಟಣದೊಳಗೆ ಇಣುಕಿದ ಯಂತ್ರ

ಹಾಲೇಶನ ಹೊಸ ಮನೆಯ ಗೃಹಪ್ರವೇಶಕ್ಕೆ ಅವನ ಇಬ್ಬರು ಭಾವಂದಿರೂ ದಾವಣಗೆರೆಗೆ ಬಂದಿದ್ದರು. ಹಿರಿಯ ಅಳಿಯ ಗುರುಬಸಪ್ಪ ಉಡುಗೊರೆ ತಂದಿದ್ದ. ಕಿರಿಯ ಅಳಿಯ ಸದ್ಯೋಜಾತ ಪ್ರಯೋಗಶಾಲೆಯ ಮಹಾನುಭಾವ. ಅವನು ಒಂದು ಯಂತ್ರವನ್ನೇ ಹೊತ್ತು ತಂದಿದ್ದ! ಮನೆಮಂದಿಯೆಲ್ಲ ಅದರ ಸುತ್ತ ಮುಗಿಬಿದ್ದರು. ಗುರುಬಸಪ್ಪನಿಗೆ ಒಂದು ಲೋಟ ನೀರು ಕೊಡುವವರೂ ಇರಲಿಲ್ಲ.

ಹೊಗೆಯಾಡುವ ದ್ರವ ಸಾರಜನಕ ಸುರಿಯುತ್ತ ಸದ್ಯೋಜಾತ ವಿವರಿಸಿದ. ಒಳಗೊಂದು ತೆಳು ಪಟ್ಟಿಯಂತೆ. ವಿಪರೀತ ತಣ್ಣಗಾದರೆ ಅದರಲ್ಲಿ ವಿದ್ಯುತ್ತಿಗೆ ಅಡ್ಡಿಯೇ ಇಲ್ಲವಂತೆ. ಸಾಸಿವೆಯಷ್ಟು ಬಿಸಿ ತಾಕಿದರೂ ಅಡ್ಡಿ ಹುಟ್ಟಿ ಗೊತ್ತಾಗಿಬಿಡುತ್ತದಂತೆ. ಕಣ್ಣಿಗೆ ಕಾಣದ ಅವಕೆಂಪು ಕಿರಣ, ಕಾಗದ ಬಟ್ಟೆ ದಾಟಿ ಬರುವ ಮಿಲಿಮೀಟರ್ ಅಲೆ, ಎಲ್ಲವನ್ನೂ ಹಿಡಿದು ಟಿವಿಯಲ್ಲಿ ಚಿತ್ರ ತೋರಿಸುತ್ತದಂತೆ. ಅಂತೆ, ಅಂತೆ! ಗುರುಬಸಪ್ಪ ಬೇಕೆಂದೇ ಆಕಳಿಸಿದ.

ಅಳಿಯಂದಿರ ಅತ್ತೆ, ಹಾಲೇಶನ ತಾಯಿ ನೀಲಮ್ಮನವರ ಬೀರುವಿನ ಕೀ ಮೂರು ದಿನದಿಂದ ಕಾಣೆಯಾಗಿತ್ತು. ಯಂತ್ರವನ್ನು ಹಾಸಿಗೆಗಳ ರಾಶಿಯತ್ತ ತಿರುಗಿಸಿದ್ದೇ ತಡ, ಟಿವಿಯಲ್ಲಿ ಕೀ ಪಳಪಳ ಹೊಳೆಯಿತು!

"ಅಳಿಯ ಅಂದ್ರೆ ಹಿಂಗಿರಬೇಕು ನೋಡು," ಎಂದರು ನೀಲಮ್ಮ.

ಗುರುಬಸಪ್ಪನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಹನ್ನೆರಡು ವರ್ಷದಿಂದ ಈ ಮನೆಯ ಮದುವೆ ಮುಂಜಿಗೆಲ್ಲ ಓಡಾಡಿದವನು ಅವನು. ಅತ್ತೆಯ ಬಾಯಲ್ಲಿ ಆ ಒಂದು ಮಾತು ಕೇಳಬೇಕೆಂದು ಕಾದವನು ಅವನು. ಅದನ್ನು ಈ ಪುಣ್ಯಾತ್ಮ ಒಂದು ಕೀ ತೋರಿಸಿ ಹೊಡೆದುಕೊಂಡುಬಿಟ್ಟನಲ್ಲ!

"ಕೀ ಯಾರು ಬೇಕಾದ್ರೂ ಹುಡುಕ್ತಾರೆ. ನಾನು ಹಾಲೇಶಂಗೆ ಬೆಳ್ಳಿ ಬಟ್ಟಲು ತಂದೀನಿ. ರಟ್ಟಿನ ಡಬ್ಬಿ, ಥರ್ಮಾಕೋಲು, ಮೂರು ಸುತ್ತು ಕಾಗದ. ನಿನ್ನ ಯಂತ್ರಕ್ಕೆ ಕಾಣುತ್ತೇನೋ ನೋಡು," ಎಂದು ಪೊಟ್ಟಣ ಮುಂದಿಟ್ಟ.

ಇಟ್ಟ ಮೇಲೆ ನಾಲಿಗೆ ಕಚ್ಚಿಕೊಂಡ. ಬೆಳ್ಳಿ ಬಟ್ಟಲೆಂದದ್ದು ಬರೀ ಬಾಯಿಗೆ ಬಂದ ಮಾತು, ಒಳಗೇನಿದೆ ಎಂದು ಅವನಿಗೇ ಗೊತ್ತಿರಲಿಲ್ಲ! ಯಾರೋ ಯಾವಾಗಲೋ ಕೊಟ್ಟಿದ್ದು, ಅಟ್ಟದ ಮೇಲೆ ಬಿದ್ದಿತ್ತು. ಬಿಚ್ಚದೆ, ಮೇಲೊಂದು ಹೊಸ ಕಾಗದ ಸುತ್ತಿ ತಂದಿದ್ದ.

ಟಿವಿಯಲ್ಲಿ ಬಟ್ಟಲು ಮೂಡಿತು. ಸ್ಟೀಲು ಇಷ್ಟು ಹೊಳೆಯುವುದಿಲ್ಲ, ಇದು ಅಪ್ಪಟ ಬೆಳ್ಳಿಯೇ ಎಂದ ಸದ್ಯೋಜಾತ. ಗುರುಬಸಪ್ಪ ತನ್ನ ಅದೃಷ್ಟಕ್ಕೆ ತಾನೇ ಬೆರಗಾಗಿ ಮೀಸೆ ತಿರುವಿದ. ಅಷ್ಟರಲ್ಲಿ ಬಟ್ಟಲಿನ ಮೇಲೆ ಕೆತ್ತಿಸಿದ ಅಕ್ಷರಗಳೂ ಒಂದೊಂದಾಗಿ ಕಾಣತೊಡಗಿದವು: 'ಹಿರಿಯ ಅಳಿಯ ಗುರುಬಸಪ್ಪನವರಿಗೆ, ದೀಪಾವಳಿಗೆ ಅತ್ತೆಯ ಪ್ರೀತಿಯ ಕಾಣಿಕೆ.'

ಈಗ ನೆನಪಾಯಿತು! ಹೋದ ದೀಪಾವಳಿಗೆ ಸದ್ಯೋಜಾತನಿಗೆ ಸಿಕ್ಕ ಪೊಟ್ಟಣ ದೊಡ್ಡದಿತ್ತು ಎಂಬ ಸಿಟ್ಟಿಗೆ ತನ್ನದನ್ನು ಬಿಚ್ಚದೆ ಅಟ್ಟಕ್ಕೆ ಎಸೆದಿದ್ದ. ಯಂತ್ರ ಆರಿಸು ಎಂದು ಕೂಗಿದ. ಅದು ಬಿಸಿಯಾಗುವವರೆಗೆ ನಿಲ್ಲುವುದಿಲ್ಲ ಎಂದ ಸದ್ಯೋಜಾತ. ಪೊಟ್ಟಣ ಮುಚ್ಚಲೆಂದು ಗುರುಬಸಪ್ಪ ಅಡ್ಡ ನಿಂತರೆ, ಅವನ ಎರಡು ಕಿವಿಗಳೇ ಟಿವಿ ತುಂಬ ಕೆಂಡದಂತೆ ನಿಗಿನಿಗಿ ಉರಿದವು!

"ದೀಪಾವಳಿಗೆ ನಂಗೆ ಸಿಕ್ಕಿದ್ದು ಈ ಸ್ಟೀಲ್ ಡಬರಿ ಪಾತ್ರೆ ಅಣ್ಣಾರೇ. ಯಂತ್ರ ಇದ್ರಾಗೇ ಕೂರ್ಸಿದೀನಿ," ಎಂದ ಸದ್ಯೋಜಾತ ಮೆಲ್ಲಗೆ.

ನೀಲಮ್ಮ ಟಿವಿಯ ಹತ್ತಿರ ಬಂದು ಅಕ್ಷರಗಳನ್ನು ಓದಿದರು.

"ಬಿಚ್ಚೂ ನೋಡ್ಲಿಲ್ಲೇನ್ರಿ, ಅಳಿಯಂದ್ರೇ?"

ಗುರುಬಸಪ್ಪ ಪೊಟ್ಟಣದತ್ತ ಕೈ ಚಾಚಿದ. ಕೊಟ್ಟದ್ದನ್ನು ವಾಪಸ್ ಇಸಿದುಕೊಳ್ಳಬಾರದು ಎಂದು ನೀಲಮ್ಮ ಅದನ್ನು ಮಗನ ಕೈಗಿಟ್ಟರು.

ಈಗ ದಿನಾ ಬೆಳಗ್ಗೆ ಹಾಲೇಶ ಗುರುಬಸಪ್ಪನ ಹೆಸರಿರುವ ಬಟ್ಟಲಲ್ಲಿ ಹಾಲು ಕುಡಿಯುತ್ತಾನೆ. ಸದ್ಯೋಜಾತನ ಮೇಲಿದ್ದ ಗುರುಬಸಪ್ಪನ ಹೊಟ್ಟೆಕಿಚ್ಚು ಪೂರ್ತಿ ಇಳಿದುಹೋಗಿದೆ. ಅಷ್ಟೂ ಈಗ ಹಾಲೇಶನ ಪಾಲಿಗೆ ಬಂದಿದೆ.