ಕೆಂಪು ದಾರದ ಕಪ್ಪೆ

ಎಲ್ಲಕ್ಕೂ ಮೂಲ ಅಜ್ಜಿಯ ಒಂದು ಮಾತು. ಗಡಿಯಾರ ರಿಪೇರಿಯವನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಅವರ ಬಚ್ಚಲ ಕಲ್ಲಿನ ಕೆಳಗೆ ಒಂದು ನೆಲಗಪ್ಪೆ ಇತ್ತು. ಅಪ್ಪ ಅದನ್ನು ಬಕೆಟ್ಟಿನಲ್ಲಿ ಹೊತ್ತು ಮೈದಾನದಾಚೆ ಬಿಟ್ಟು ಬರುವರು. ದೀಪ ಹಚ್ಚುವ ಹೊತ್ತಿಗೆ ಕಪ್ಪೆ ಮತ್ತೆ ಹಾಜರ್!

"ಅದರ ಮನೆ ಇದು ಕಣೋ. ನಿಮ್ಮಪ್ಪನಿಗಿಂತ ಮೊದಲು ಬಂದಿದ್ದು," ಅನ್ನುತ್ತಿದ್ದಳು ಅಜ್ಜಿ, ಬೊಚ್ಚುಬಾಯಿ ಅಗಲಿಸಿ, ಥೇಟ್ ಕಪ್ಪೆಯ ಹಾಗೇ ನಕ್ಕು.

ಆ ಮಾತನ್ನು ಸಾಬೀತು ಮಾಡಲೆಂದೇ ತಲೆ ನರೆತ ಮೇಲೆ ಅವನು ಊರಿನ ಜೀವಲೋಕ ಸಂಘ ಸೇರಿದ. ಸುತ್ತಮುತ್ತಲ ಜೀವಿಗಳ ಮೇಲೆ ಸಣ್ಣಪುಟ್ಟ ಸಂಶೋಧನೆ ಮಾಡುವ ಸದಸ್ಯರಿಗೆ ಸಂಘ ಸಣ್ಣಪುಟ್ಟ ಧನಸಹಾಯ ಕೊಡುತ್ತಿತ್ತು. ಎಷ್ಟು ಸಣ್ಣದೆಂದರೆ, ಇವನ ಪಾಲಿನದರಲ್ಲಿ ಒಂದು ಟಾರ್ಚು, ಒಂದು ಜೊತೆ ರಬ್ಬರ್ ಬೂಟು ಬಂದವು. ಟಾರ್ಚಿನ ಸೆಲ್ಲು ಹೆಂಡತಿಯ ಡಬ್ಬಿ ದುಡ್ಡಿನಿಂದ ಬಂತು.

"ಜನ ಗ್ರಾಂಟು ತಗೊಂಡು ಕಟ್ಟಡ ಕಟ್ತಾರೆ. ನೀವು ಕಪ್ಪೆ ಸೊಂಟಕ್ಕೆ ದಾರ ಕಟ್ತಿದೀರಿ," ಅಂದಳು ಅವಳು.

ಇವತ್ತು ಪರೀಕ್ಷೆ. ಬೆಳಿಗ್ಗೆ ಸಂಘದ ಕಾರ್ಯದರ್ಶಿ ಖುದ್ದಾಗಿ ಬಂದರು. ಅವರು ಪಾಚಿಯ ಪಂಡಿತರು. ಕಪ್ಪೆಯೆಂದರೆ ಹತ್ತು ಮಾರು ದೂರ. ಈಗ ಬಚ್ಚಲ ಕಲ್ಲಿನ ಕೆಳಗಿದ್ದುದು ಅಜ್ಜಿಯ ಕಪ್ಪೆಯ ವಂಶದ್ದೇ ಎಂದು ಇವನ ನಂಬಿಕೆ. ಅದರ ಎಡಗಾಲಲ್ಲಿ ಒಂದು ಬೆರಳಿಲ್ಲದ್ದು ಇವನಿಗೊಬ್ಬನಿಗೇ ಗೊತ್ತು. ಅದರ ಸೊಂಟಕ್ಕೆ ಗುರುತಿಗೆಂದು ಕೆಂಪು ದಾರ ಕಟ್ಟಿ ಮೈದಾನದಾಚೆ ಬಿಟ್ಟದ್ದಾಯಿತು.

"ಹ್ರೂಂ..." ಕಾರ್ಯದರ್ಶಿ ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುವವರು. "ದೀಪ ಹಚ್ಚೋ ಹೊತ್ತಿಗೆ ಬಂದ್ರೆ, ಹ್ರೂಂ, ಮುಂದಿನ ವರ್ಷವೂ ಧನಸಹಾಯ. ಬರದಿದ್ರೆ ಬೂಟು ವಾಪಸ್!"

ಎದುರುಮನೆ ದರ್ಜಿ ಕಿಟಕಿಯಲ್ಲಿ ಎಲ್ಲ ಕೇಳಿಸಿಕೊಂಡ. ದರ್ಜಿಗೆ ತಿಳಿದದ್ದು ಬೀದಿಗೆಲ್ಲ ತಿಳಿಯಲು ಒಂದು ಗುಂಡಿ ಹೊಲಿಯುವಷ್ಟು ಹೊತ್ತು ಸಾಕು.

ಸಂಜೆ ಕಾರ್ಯದರ್ಶಿ ಬಚ್ಚಲ ಬಾಗಿಲಿಂದ ದೂರಕ್ಕೆ ಕುರ್ಚಿ ಎಳೆದು ಕೂತರು. ಕಲ್ಲಿನ ಬಳಿ 'ಪಚಕ್' ಎಂಬ ಸದ್ದು. ಕೆಂಪು ದಾರ! ಗಡಿಯಾರದವನ ಎದೆ ಕೀಲಿ ಕೊಟ್ಟ ಅಲಾರಮ್ಮಿನಂತೆ ಹೊಡೆದುಕೊಂಡಿತು.

"ಭೇಷ್! ಹ್ರೂಂ..." ಎಂದು ಅವರು ಕೈ ಕುಲುಕುವಷ್ಟರಲ್ಲಿ ಚರಂಡಿಯ ತೂತಿನಿಂದ ಇನ್ನೊಂದು ಕಪ್ಪೆ ಬಂತು. ಅದಕ್ಕೂ ಕೆಂಪು ದಾರ. ಗೋಡೆಯ ಮೇಲಿಂದ ಮೂರನೆಯದು ಧೊಪ್ಪೆಂದಿತು. ಅದರದು ರೇಷ್ಮೆ ದಾರ, ಮೇಲೊಂದು ಹೂಗಂಟು ಬೇರೆ. ನಾಲ್ಕನೆಯದು ನೆಲಗಪ್ಪೆಯೇ ಅಲ್ಲ, ಕೆರೆಯದು. ಒಂದೇ ನೆಗೆತಕ್ಕೆ ಕಾರ್ಯದರ್ಶಿಗಳ ಮಡಿಲೇರಿ, ಅವರ 'ಹ್ರೂಂ'ಗೆ 'ಟ್ರೂಂ' ಎಂದು ಉತ್ತರ ಕೊಟ್ಟಿತು.

ಗೋಡೆಯಾಚೆ ದರ್ಜಿಯ ಪಿಸುಮಾತು: "ನಮ್ಮ ರೇಷ್ಮೇದು ತಲುಪ್ತಾ ನೋಡಿ. ಪಾಪ, ನಮ್ಮ ಬೀದಿಯವನು, ಮರ್ಯಾದೆ ಹೋಗಬಾರದು."

"ಅಯ್ಯೋ, ನೀವೂ ಬಿಟ್ರಾ?" ಇದು ಶಾಲೆ ಮೇಷ್ಟರ ದನಿ.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ, ಬೀದಿಗೆಲ್ಲ ದೊಡ್ಡತ್ತೆ, ಬಕೆಟ್ಟು ಹಿಡಿದು ಒಳಗೇ ಬಂದಳು. ಬಕೆಟ್ಟಿನಲ್ಲಿ ಐದನೆಯದು.

"ತಗೋ ಕಂದಾ. ನಿಮ್ಮಜ್ಜಿ ಕಾಲದಿಂದ ನನಗಿದೇ ಕೆಲಸ. ನಿಮ್ಮಪ್ಪ ಬಿಟ್ಟು ಬರೋನು, ನಿಮ್ಮಜ್ಜಿ ಗೋಡೆ ಮೇಲಿಂದ ಕಣ್ಣು ಹೊಡೆಯೋಳು, ನಾನು ಹೋಗಿ ಒಂದು ಹಿಡ್ಕೊಂಡು ಬರೋಳು. ಎಲ್ಲಾ ನೀನು ಚಪ್ಪಾಳೆ ತಟ್ಟಿ ಕುಣಿಯೋದು ನೋಡೋಕೆ!"

ಗಡಿಯಾರದವನು ಬಚ್ಚಲ ಕಲ್ಲಿನ ಮೇಲೆ ಕುಸಿದು ಕೂತ. ಆ ಸಂಜೆಗಳಲ್ಲಿ ಅಜ್ಜಿ ಕಪ್ಪೆಯತ್ತ ತಿರುಗಿಯೂ ನೋಡದೆ ಇವನ ಮುಖವನ್ನೇ ಯಾಕೆ ನೋಡುತ್ತಿದ್ದಳೆಂದು ಅವನಿಗೆ ಈಗ ತಿಳಿಯಿತು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಕಾಲಿನ ಬೂಟು ಕಳಚಿ ಕಾರ್ಯದರ್ಶಿಗೆ ಕೊಟ್ಟ.

ಕಾರ್ಯದರ್ಶಿ ಬೂಟು ಕಂಕುಳಲ್ಲಿಟ್ಟು ಸ್ಕೂಟರ್ ಹತ್ತಿದರು. ಆಗ ಗೇಟಿನ ಕೆಳಗಿಂದ, ಮೈಗೆಲ್ಲ ಮೈದಾನದ ಧೂಳು ಮೆತ್ತಿಕೊಂಡು, ಒಂದು ನೆಲಗಪ್ಪೆ ನಿಂತು ನಿಂತು ಕುಪ್ಪಳಿಸುತ್ತ ಬಂತು. ಸೊಂಟದಲ್ಲಿ ಕೆಂಪು ದಾರ. ಎಡಗಾಲಲ್ಲಿ ಒಂದು ಬೆರಳಿಲ್ಲ.

"ಸಾರ್! ಬಂತು ಸಾರ್! ತಾನೇ ಬಂತು! ಬೆರಳು ನೋಡಿ ಸಾರ್!"

"ಹ್ರೂಂ! ಆರನೇದಾ? ಇದರ ಬೆರಳೂ ಕತ್ತರಿಸಿದ್ರಾ? ಛೀ!" ಸ್ಕೂಟರ್ ಹೊಗೆ ಉಗುಳಿ ಹೋಯಿತು.

ಕಪ್ಪೆ ಯಾರನ್ನೂ ಲೆಕ್ಕಿಸದೆ ನೇರ ತನ್ನ ಕಲ್ಲಿನ ಕೆಳಗೆ ನುಗ್ಗಿತು. ಅಲ್ಲಿ ಆಗಲೇ ದಾರ ಕಟ್ಟಿಕೊಂಡ ನೆಂಟರು ತುಂಬಿಹೋಗಿದ್ದರು. ಜಾಗ ಸಿಗದೆ ಹಿಂದಕ್ಕೆ ಬಂದು, ಗಡಿಯಾರದವನ ಬರಿಗಾಲಿನ ಪಕ್ಕ ಕೂತಿತು.