ಹುಂಜ ಹೊದ್ದ ಕಂಬಳಿ

ಹೊಟ್ಟೆಕಿಚ್ಚು ಪಡುವುದಕ್ಕೂ ಮನುಷ್ಯನಿಗೆ ಅದೃಷ್ಟ ಬೇಕು. ರಾಯಚೂರಿನ ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ನನ್ನ ಜೊತೆ ತೂಕದ ಕೆಲಸ ಮಾಡುತ್ತಿದ್ದವರು ಎಂಥೆಂಥವರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದರು! ಒಬ್ಬನಿಗೆ ಮೋಟಾರು ಇಟ್ಟ ಸಾಹುಕಾರರ ಮೇಲೆ, ಇನ್ನೊಬ್ಬನಿಗೆ ಹೈದರಾಬಾದಿನಲ್ಲಿ ನೌಕರಿ ಹಿಡಿದ ಷಡ್ಡಕನ ಮೇಲೆ. ಅಂಥದ್ದನ್ನು ಚಹಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡರೆ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನನ್ನದನ್ನು ಯಾರ ಮುಂದೆ ಹೇಳಲಿ? ನಾನು ಉರಿದುಕೊಳ್ಳುತ್ತಿದ್ದದ್ದು ಒಂದು ಹುಂಜದ ಮೇಲೆ. ಅದೂ ನಮ್ಮ ಮನೆಯದೇ ಹುಂಜ, ಲಡಾಯಿಯ ಕಾಲದಲ್ಲಿ ನಾನು ರೇಷನ್ ಅಂಗಡಿಯ ಸರದಿಯಲ್ಲಿ ನಿಂತು ತಂದ ಜೋಳ ತಿಂದು ಕೊಬ್ಬಿದ ಹುಂಜ.

ನನ್ನ ಹೆಂಡತಿ ಗಂಗವ್ವ ದೇವದುರ್ಗದವಳು. ಬೇರೆ ಹೆಣ್ಣುಮಕ್ಕಳು ತವರಿನಿಂದ ಸೀರೆ, ಹಿತ್ತಾಳೆ ಕೊಡ ತಂದರೆ ಇವಳು ಬುಟ್ಟಿಯಲ್ಲಿ ಒಂದು ಹೇಂಟೆ ತಂದಳು. ಹೊಸ ಮದುಮಗ ನಾನು, ಬಂಡಿಯಲ್ಲಿ ರುಮಾಲು ಸರಿಮಾಡಿಕೊಳ್ಳುತ್ತ ಕೂತಿದ್ದೆ. ದಾರಿಯುದ್ದಕ್ಕೂ ಅವಳ ಕಣ್ಣು ಬುಟ್ಟಿಯ ಮೇಲೇ. ನನ್ನ ಕಡೆ ತಿರುಗಿದ್ದು ಒಂದೇ ಸಲ, "ಸ್ವಲ್ಪ ಆ ಕಡಿ ಸರೀರಿ, ಅದಕ್ಕ ಗಾಳಿ ಬೇಕು" ಎನ್ನುವುದಕ್ಕೆ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಆ ಹೇಂಟೆಯ ಸಂತಾನ ಬೆಳೆದು ನಮ್ಮ ಹಿತ್ತಲೆಲ್ಲ ತುಂಬಿತು. ಅದರಲ್ಲಿ ಹುಟ್ಟಿದವನೇ ಈ ಕೆಂಪು ಹುಂಜ. ಬೆಳಗಾದರೆ ಜುಟ್ಟು ಎತ್ತಿ, ಎದೆ ಉಬ್ಬಿಸಿ, ಗಸ್ತು ತಿರುಗುವ ಪೊಲೀಸ್ ಜಮಾದಾರನ ಹಾಗೆ ಹಿತ್ತಲನ್ನು ಸುತ್ತಿ ಬರುತ್ತಿತ್ತು. ಗಂಗವ್ವ ಅದನ್ನು ಜಮಾದಾರ ಎಂದೇ ಕರೆಯುತ್ತಿದ್ದಳು. ನನ್ನನ್ನು ಕರೆಯುವುದಕ್ಕೆ ಅವಳಿಗೆ "ಏನ್ರೀ" ಸಾಕಾಗಿತ್ತು.

ನಮ್ಮ ಊರಿನ ಬಿಸಿಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಚಳಿಯ ಬಗ್ಗೆ ಯಾರಿಗೂ ಕರುಣೆಯಿಲ್ಲ. ವರ್ಷವೆಲ್ಲ ಬೆಂದ ಮೈಗೆ ಪುಷ್ಯ ಮಾಸದ ನಾಲ್ಕು ದಿನದ ಗಾಳಿಯೇ ಸಾಕು, ಹಲ್ಲು ಕಟಕಟ ಎನ್ನುತ್ತವೆ. ಆ ಚಳಿಯಲ್ಲಿ ಗಂಗವ್ವ ಕೋಳಿಗಳನ್ನು ಸಾಕುತ್ತಿದ್ದ ಚೆಂದ ನೋಡಬೇಕು. ಸಂಜೆ ಗೂಡಿನ ಮೇಲೆ ಗೋಣಿತಟ್ಟು ಮುಚ್ಚುವಳು, ಆದರೆ ಉಸಿರಾಡಲು ಮೇಲೆ ಸಂದು ಬಿಡುವಳು. ಒದ್ದೆಯಾದ ಹುಲ್ಲನ್ನು ದಿನವೂ ತೆಗೆದು ಒಣಗಿದ್ದು ಹಾಸುವಳು. ಅವು ಹೊರಳಾಡಿ ಹೇನು ಕಳೆದುಕೊಳ್ಳಲಿ ಎಂದು ಒಲೆಯ ಬೂದಿಯನ್ನು ಜರಡಿ ಹಿಡಿದು ಹಿತ್ತಲ ಮೂಲೆಯಲ್ಲಿ ಹರವುವಳು. ಜೋಳದ ನುಚ್ಚಿಗೆ ಬೆಳ್ಳುಳ್ಳಿ ಜಜ್ಜಿ ಹಾಕುವಳು. ಕುಡಿಯುವ ನೀರನ್ನೂ ಉಗುರುಬೆಚ್ಚಗೆ ಮಾಡಿ ಇಡುವಳು. ನಾನು ಮಾತ್ರ ಹಿತ್ತಲ ಕಲ್ಲಿನ ಮೇಲೆ ಕೂತು ಹೌಹಾರುತ್ತ ತಣ್ಣೀರು ಸುರಿದುಕೊಳ್ಳಬೇಕು. ಒಂದು ದಿನ ತಡೆಯಲಾರದೆ, "ಕೋಳಿಗೆ ಬಿಸಿನೀರು ಕಾಸ್ತಿ, ನನಗೊಂದು ಚರಗಿ ಕಾಸಿದ್ರ ಏನಾಗ್ತದ?" ಎಂದೆ.

"ಕೋಳಿಗೆ ಬಾಯಿ ಅದೇನ್ರೀ ಕೇಳಾಕ? ನಿಮಗ ಬಾಯಿ ಅದ, ಕೈ ಅದ, ಒಲಿ ಅಲ್ಲೇ ಅದ. ಕಾಸಿಕೋರಿ" ಎಂದಳು. ನಾನು ಇನ್ನೊಂದು ಚರಗಿ ತಣ್ಣೀರು ಸುರಿದುಕೊಂಡೆ.

ಆ ವರ್ಷದ ಚಳಿಯಲ್ಲೇ ನಮ್ಮ ಗಲ್ಲಿಗೆ ಕೋಳಿಬೇನೆ ಬಂತು. ನಿನ್ನೆ ಕೆದಕಿಕೊಂಡಿದ್ದ ಕೋಳಿ ಇವತ್ತು ಗರಿ ಉಬ್ಬಿಸಿ, ಕಣ್ಣು ಮುಚ್ಚಿ, ಮೂಲೆ ಹಿಡಿಯುತ್ತಿತ್ತು. ಪಕ್ಕದ ಮನೆಯ ಹುಲಿಗೆವ್ವ ಬೇನೆ ಬಂದ ಸುದ್ದಿ ಕೇಳಿದ ಕೂಡಲೇ ತನ್ನ ಕೋಳಿಗಳನ್ನೆಲ್ಲ ಕೊಯ್ದು ಸಾರು ಮಾಡಿ ಮಾನ್ವಿಯ ತವರಿನವರನ್ನೆಲ್ಲ ಕರೆಸಿ ಉಣ್ಣಿಸಿದಳು. "ನೀನೂ ಹಂಗ ಮಾಡ ಗಂಗವ್ವಾ, ಸತ್ತ ಮ್ಯಾಲೆ ಬಾಯಿಗೂ ಇಲ್ಲ, ಬುಟ್ಟಿಗೂ ಇಲ್ಲ" ಎಂದು ಬುದ್ಧಿ ಹೇಳಿದಳು. ನನಗೂ ಆ ಮಾತು ಬಹಳ ಹಿಡಿಸಿತು. ಆದರೆ ಗಂಗವ್ವ ಕೇಳಬೇಕಲ್ಲ! ಬೇನೆ ಹತ್ತಿದವನ್ನು ಬೇರೆ ಮಾಡಿದಳು, ಗೂಡಿಗೆ ಬೇವಿನ ಸೊಪ್ಪಿನ ಹೊಗೆ ಕೊಟ್ಟಳು, ಮಜ್ಜಿಗೆಗೆ ಅರಿಶಿನ ಕಲಸಿ ಕುಡಿಸಿದಳು. ಆದರೂ ಎಷ್ಟೋ ಹೋದವು. ಒಂದೊಂದನ್ನೂ ಊರ ಹೊರಗೆ ಹೂಳಿ ಬಂದು ಊಟ ಬಿಟ್ಟು ಕೂತಳು. ಕೊನೆಗೆ ಜಮಾದಾರನೂ ಕತ್ತು ವಾಲಿಸಿದ.

ಅಂದು ಸಂಜೆ ಜಿನ್ನಿನಿಂದ ಬಂದು ನೋಡುತ್ತೇನೆ, ಒಲೆಯ ಪಕ್ಕ ನಾನು ದಿನವೂ ಕೂತು ಮೈ ಕಾಸಿಕೊಳ್ಳುವ ಜಾಗದಲ್ಲಿ ಜಮಾದಾರ ಕೂತಿದ್ದಾನೆ. ಮೈಮೇಲೆ ನನ್ನ ಕಂಬಳಿ! ಯರಗೇರಾದಲ್ಲಿ ಅರ್ಧ ದಿನ ಚೌಕಾಸಿ ಮಾಡಿ ತಂದ ಕರಿ ಕಂಬಳಿ. ಗಂಗವ್ವ ಅವನ ಕೊಕ್ಕು ಬಿಡಿಸಿ ಹನಿಹನಿಯಾಗಿ ಮಜ್ಜಿಗೆ ಬಿಡುತ್ತ, "ಕುಡಿಯಪ್ಪಾ, ನನ್ನ ಬಂಗಾರಾ, ಇನ್ನೊಂದು ಗುಟುಕು" ಎನ್ನುತ್ತಿದ್ದಳು. ಬಂಗಾರ!

"ನಾ ಏನು ಹೊಚ್ಚಿಗೊಳ್ಳಲಿ?" ಎಂದೆ.

"ಒಂದು ನಾಲ್ಕು ದಿನ ಪಡಸಾಲ್ಯಾಗ ಮಲಕ್ಕೋರಿ. ನೀವು ಗಟ್ಟಿ ಅದೀರಿ" ಎಂದಳು.

ಗಂಡಸನ್ನು ಗಟ್ಟಿ ಎಂದರೆ ಅವನು ಮುಂದೆ ಏನು ಮಾತಾಡಿಯಾನು? ಪಡಸಾಲೆಗೆ ಹೋಗಿ ಹಳೇ ಧೋತರ ಹೊದ್ದು ಮುದುರಿಕೊಂಡೆ. ಮಜ್ಜಿಗೆಯಿಂದ ಬದುಕಿತೋ, ನನ್ನ ಮೇಲಿನ ಹಟದಿಂದ ಬದುಕಿತೋ, ಆ ಹುಂಜ ಕತ್ತು ಎತ್ತಿತು, ನುಚ್ಚು ಮುಟ್ಟಿತು, ಒಂದು ಬೆಳಿಗ್ಗೆ ಅಡುಗೆಮನೆಯಿಂದಲೇ ಕೂಗಿತು. ಅದು ಎದ್ದ ದಿನವೇ ನಾನು ಮಲಗಿದೆ.

ಮೊದಲು ನೆಗಡಿ, ಆಮೇಲೆ ಜ್ವರ. ಮೂಗಿನಲ್ಲಿ ಮೊದಲೇ ಜಿನ್ನಿನ ಹತ್ತಿ ಧೂಳು ಇತ್ತು, ಅದಕ್ಕೆ ಚಳಿ ಸೇರಿ ಎಂಥಾ ಕೆಮ್ಮು ಹತ್ತಿತೆಂದರೆ ಹಂಚು ಅಲುಗಾಡಬೇಕು. ಸುಳ್ಳೇಕೆ, ನನಗೆ ಒಳಗೊಳಗೆ ಖುಷಿಯೇ ಆಯಿತು. ಒಲೆಯ ಪಕ್ಕದ ಜಾಗ ಬಂತು, ಕಂಬಳಿ ಬಂತು. ಕಂಬಳಿಯಲ್ಲಿ ಒಂದೆರಡು ಕೆಂಪು ಗರಿ ಸಿಕ್ಕಿದ್ದವು, ಅವನ್ನು ಒಲೆಗೆ ಹಾಕಿದೆ. ಜ್ವರ ಏರಿ ನಾನು ಬಡಬಡಿಸತೊಡಗಿದಾಗ ಗಂಗವ್ವ ಹೆದರಿಬಿಟ್ಟಳು. ಹುಲಿಗೆವ್ವನನ್ನು ಕರೆದಳು. ಅವಳ ಎದುರಿಗೇ ಊರ ಹೊರಗಿನ ದುರಗವ್ವನ ಗುಡಿಯ ದಿಕ್ಕಿಗೆ ತಿರುಗಿ ಕೈಮುಗಿದು, "ಯವ್ವಾ ತಾಯೀ, ಇವರ ಜ್ವರ, ಕೆಮ್ಮು ಎಲ್ಲಾ ಹೋಗ್ಲಿ. ನನ್ನ ಜಮಾದಾರನ್ನ ನಿನಗ ಕೊಡ್ತೀನಿ" ಎಂದಳು.

ಜ್ವರದ ಮಂಪರಿನಲ್ಲೂ ನನಗೆ ಒಂದೊಂದು ಅಕ್ಷರವೂ ಕೇಳಿಸಿತು. ಗೆದ್ದೆ! ನನಗಾಗಿ ಹುಂಜವನ್ನೇ ಕೊಡುತ್ತೇನೆ ಎಂದುಬಿಟ್ಟಳಲ್ಲ! ಆ ಸಂತೋಷಕ್ಕೇ ಇರಬೇಕು, ಬೆಳಗಾಗುವುದರಲ್ಲಿ ಜ್ವರ ಇಳಿದಿತ್ತು. ಹಿತ್ತಲಿಗೆ ಹೋಗಿ ಜಮಾದಾರನ ಎದುರು ನಿಂತು ಮೀಸೆಯ ಮೇಲೆ ಕೈ ಆಡಿಸಿದೆ. ಅವನು ಬೂದಿಯಲ್ಲಿ ಹೊರಳಾಡುತ್ತಿದ್ದ, ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಇನ್ನು ಉಳಿದದ್ದು ಕೆಮ್ಮು ಒಂದೇ. ಅದು ಹೋದ ಮೇಲೆ ಬರುವ ಮಂಗಳವಾರ ಹರಕೆ ತೀರಿಸಬೇಕು, ಅಕ್ಕಪಕ್ಕದವರಿಗೆ ಊಟ ಹಾಕಬೇಕು. ಹುಲಿಗೆವ್ವನಂತೂ ಆಗಲೇ ಮಸಾಲೆ ಅರೆಯಲು ತಯಾರಾಗಿದ್ದಳು. ಆದರೆ ಗಂಗವ್ವ ದಿನದಿನಕ್ಕೆ ಇಳಿದುಹೋದಳು. ಹಿತ್ತಲ ಕಟ್ಟೆಯ ಮೇಲೆ ಜಮಾದಾರನನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ಸವರುತ್ತ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿ ನನ್ನ ಗೆಲುವು ಅರ್ಧಕ್ಕರ್ಧ ಇಳಿಯಿತು. ಆಮೇಲೆ ಯೋಚನೆ ಮಾಡಿದೆ. ಈ ಹುಂಜ ನನ್ನ ಸಲುವಾಗಿ ಹೋದರೆ ಮುಂದೆ ನನ್ನ ಗತಿಯೇನು? ಸಾರಿಗೆ ಉಪ್ಪು ಕಡಿಮೆ ಎಂದರೆ ಸಾಕು, "ನಿಮ್ಮ ಸಲುವಾಗಿ ನನ್ನ ಜಮಾದಾರ ಹೋದ" ಎಂದು ಸೆರಗು ಕಣ್ಣಿಗೆ ಹೋಗುತ್ತದೆ. ಬದುಕಿರುವ ಹುಂಜವನ್ನಾದರೂ ಕೋಲು ಹಿಡಿದು ಅಟ್ಟಬಹುದು. ಸತ್ತು ದೇವರ ಪಾಲಾದ ಹುಂಜದ ಜೊತೆ ಯಾವ ಗಂಡ ಪೈಪೋಟಿ ಮಾಡಿಯಾನು?

ಮಂಗಳವಾರ ಬಂತು. ಹುಲಿಗೆವ್ವ ಬಾಗಿಲಿಗೆ ಬಂದು, "ಕೆಮ್ಮು ಹೋತೇನ್ರಿ ಅಣ್ಣಾರ?" ಎಂದಳು. ಹೋಗಿತ್ತು. ಆದರೂ ನಾನು ಎದೆ ಹಿಡಿದುಕೊಂಡು ಕೆಮ್ಮಿದೆ. "ಇನ್ನಾ ಅದ ನೋಡವ್ವಾ" ಎಂದೆ. ಗಂಗವ್ವ ಒಳಗಿಂದ ಓಡಿಬಂದು ನೆಲಬೇವಿನ ಕಷಾಯವನ್ನು ಕೈಗೆ ಕೊಟ್ಟಳು. ಕಹಿ ಎಂದರೆ ಕಹಿ! ಕಣ್ಣಲ್ಲಿ ನೀರು ತುಂಬಿಕೊಂಡು ಕುಡಿದೆ. ಹಿತ್ತಲಲ್ಲಿ ಜಮಾದಾರ ರೆಕ್ಕೆ ಬಡಿದು ಕೂಗಿದ.

ಹೀಗೆ ಮಂಗಳವಾರಗಳು ಕಳೆದವು. ಚಳಿ ಹೋಯಿತು, ಹಂಗಾಮು ಮುಗಿದು ಜಿನ್ನು ಮುಚ್ಚಿತು, ಕಲ್ಲು ಕಾಯುವ ಬಿಸಿಲು ಬಂತು. ಆ ಬಿಸಿಲಲ್ಲಿ ಕೆಮ್ಮುವುದು ಎಷ್ಟು ಕಷ್ಟವೆಂದು ಕೆಮ್ಮಿದವನಿಗೇ ಗೊತ್ತು. ಒಂದು ದಿನ ಬಿಸಿ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿಕೊಂಡು ಮೈಮರೆತು ಉಣ್ಣುತ್ತಿದ್ದೆ. ಬಾಗಿಲಲ್ಲಿ ಹುಲಿಗೆವ್ವ ನಿಂತದ್ದೂ ಗೊತ್ತಾಗಲಿಲ್ಲ. ಅವಳು ನನ್ನ ಉಣ್ಣುವ ಜೋರು ನೋಡಿ, "ಅಣ್ಣಾರು ಪೂರಾ ಹುಷಾರಾಗ್ಯಾರಲ್ಲ!" ಎಂದು ಮುಖ ಅರಳಿಸಿದಳು. ಅಷ್ಟರಲ್ಲಿ ಗಂಗವ್ವ ರೊಟ್ಟಿ ಬಡಿಸುವ ನೆವದಲ್ಲಿ ಬಗ್ಗಿ, ನನ್ನ ತೋಳು ಚಿವುಟಿ, ಕಿವಿಯಲ್ಲಿ ಹೇಳಿದಳು:

"ಏನ್ರೀ, ಮಂಗಳವಾರ ಐತಿ. ಕೆಮ್ರೀ!"

ಕೆಮ್ಮಿದೆ. ಈ ಸಲ ರೊಟ್ಟಿ ಗಂಟಲಿಗೆ ಸಿಕ್ಕಿ ನಿಜವಾಗಿಯೇ ಕೆಮ್ಮಿದೆ. ಹುಲಿಗೆವ್ವ ಮೂಗು ಮುರಿದು ಹೋದ ಮೇಲೆ ಕೇಳಿದೆ, "ನನಗ ಕೆಮ್ಮಿಲ್ಲಂತ ನಿನಗ ಯಾವಾಗಿಂದ ಗೊತ್ತು?"

"ಮೊದಲನೇ ಮಂಗಳವಾರದಿಂದ."

"ಮತ್ತ ಆ ಕಷಾಯ ಯಾಕ ಕುಡಿಸಿದಿ?"

"ಆಕಿ ನಂಬಬೇಕಲ್ರೀ!"

"ದುರಗವ್ವಗ ಗೊತ್ತಾಗೂದಿಲ್ಲೇನು?"

"ಗೊತ್ತಾಗ್ತದ. ಆಕೀನೂ ಹೆಣ್ಮಗಳು, ತಿಳ್ಕೋತಾಳ" ಎಂದು ಗಂಗವ್ವ ಹಿಡಿ ಜೋಳ ತೆಗೆದುಕೊಂಡು ಹಿತ್ತಲಿಗೆ ನಡೆದಳು.

ಮುಂದಿನ ವಾರದಿಂದ ನಾನು ಅವಳ ಕೈಲಿ ಹೇಳಿಸಿಕೊಳ್ಳುವುದಕ್ಕೆ ಹೋಗಲಿಲ್ಲ. ಹೇಳಿಸಿಕೊಂಡು ಕೆಮ್ಮಿದರೆ ಅದು ಹುಂಜಕ್ಕಾಗಿ ಕೆಮ್ಮಿದಂತೆ ಆಗುತ್ತದೆ. ಹುಲಿಗೆವ್ವ ಇನ್ನೂ ತನ್ನ ಮನೆಯ ಹೊಸ್ತಿಲು ದಾಟುವ ಮೊದಲೇ, ನನ್ನಷ್ಟಕ್ಕೆ ನಾನೇ, ಮನೆಯ ಯಜಮಾನನ ಹಾಗೆ ಗಟ್ಟಿಯಾಗಿ ಕೆಮ್ಮಿಬಿಡುತ್ತಿದ್ದೆ.