ಅಟ್ಟದ ಮೇಲಿನ ಗೂಬೆ

“ಈ ಭಾನುವಾರ ಪಕ್ಷಿವೀಕ್ಷಕರ ಸಂಘವೇ ನಮ್ಮ ಅಂಗಳಕ್ಕೆ ಬಂದು ನನ್ನ ಕೈಕುಲುಕದಿದ್ದರೆ ನನ್ನ ಹೆಸರು ಬದಲಾಯಿಸು!” ಎಂದು ಗಡಿಯಾರ ರಿಪೇರಿಯ ಮಹಾಶಯರು ಮಡದಿಯ ಮುಂದೆ ಭೀಷಣ ಪ್ರತಿಜ್ಞೆ ಮಾಡಿದರು.

ಸಂಘದವರು ಆ ಹೆಸರನ್ನು ಎಂದೋ ಬದಲಾಯಿಸಿದ್ದರು! ಸಾಸಿವೆಗಿಂತ ಸಣ್ಣ ತಿರುಪನ್ನು ಗುರುತಿಸಬಲ್ಲ ಅವರ ಕಣ್ಣು ದುರ್ಬೀನಿಗೆ ತಾಗುವಷ್ಟರಲ್ಲಿ ಹಕ್ಕಿ ಮಾಯವಾಗುತ್ತಿತ್ತಾದ್ದರಿಂದ ಅಲ್ಲಿ ಅವರು ‘ಹಾರಿಹೋಯ್ತಪ್ಪ’ ಎಂದೇ ಪ್ರಖ್ಯಾತರು. ತಮ್ಮದೆಂದು ತೋರಿಸಲು ಒಂದು ಹಕ್ಕಿಯಾದರೂ ಬೇಡವೇ? ಈಗ ಸಾಕ್ಷಾತ್ ಬೆಳ್ಳನೆಯ ಕಣಜ ಗೂಬೆಯೇ ಅವರ ಅಟ್ಟದ ಹಲಗೆಯ ಹಿಂದೆ ಬಂದು ನೆಲೆಸಿರುವ ಕುರುಹು ಸಿಕ್ಕಿತ್ತು! ಗುಟ್ಟು ರಟ್ಟಾದೀತೆಂದು ಮನೆಯವರಿಗೂ ಹೇಳದೆ, ಸಂಘದ ಅಧ್ಯಕ್ಷರಿಗೆ ಫೋನಾಯಿಸಿದರು.

“ಸಾರ್, ನಮ್ಮನೇಲೊಂದು ಗೂಬೆ ಇದೆ! ಅಟ್ಟದಲ್ಲೇ ಠಿಕಾಣಿ. ಹಗಲೆಲ್ಲ ನಿದ್ದೆ, ಕತ್ತಲಾದ್ರೆ ಹೊರಗೆ. ಮುಖ ಅಂತೂ ಥೇಟ್ ತಟ್ಟೆ ಥರ ಇರುತ್ತೆ ಸಾರ್! ಎಲ್ರೂ ಬನ್ನಿ, ತೋರಿಸ್ತೀನಿ!”

ಆ ಅಟ್ಟದಲ್ಲಿ ಇನ್ನೊಂದು ಜೀವವೂ ಇತ್ತು: ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಹಗಲು ನಿದ್ರಿಸುವ, ದುಂಡುಮುಖದ ಭಾವಮೈದುನ. ಗೂಬೆ ಕೂಗುವಾಗ ಇವನು ಮನೆಯಲ್ಲಿಲ್ಲ. ಇವನು ಗೊರಕೆ ಹೊಡೆಯುವಾಗ ಗೂಬೆಗೆ ಎಚ್ಚರವಿಲ್ಲ! ಏಣಿಯ ತುದಿಯಲ್ಲಿ ನಿಂತು ಆತನು ಫೋನಿನ ಮಾತನ್ನೆಲ್ಲ ಅಕ್ಷರಶಃ ಕೇಳಿಸಿಕೊಂಡನು.

ಭಾನುವಾರ ಅಂಗಳದ ತುಂಬ ದುರ್ಬೀನುಗಳು! ಅಷ್ಟರಲ್ಲಿ ಸುರುಳಿ ಸುತ್ತಿದ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ಭಾವಮೈದುನನು ಹೊರಬಂದನು.

“ಎಲ್ಲಿಗೋ?”

“ತೋರಿಸ್ತೀನಿ ಅಂದ್ರಲ್ಲ ಭಾವ, ಕಣ್ತುಂಬ ನೋಡ್ಲಿ! ತಟ್ಟೆಮುಖದ ಗೂಬೆ ಮನೆ ಬಿಟ್ಟು ಹೊರಟಿದೆ!”

“ಗಾಣದೆತ್ತಿನ ಹಾಗೆ ದುಡಿಯೋ ನನ್ನ ತಮ್ಮ ನಿಮಗೆ ಗೂಬೆಯಾ ರೀ?” ಎಂದು ಮಡದಿ ಗುಡುಗಿದರು.

“ಅಯ್ಯೋ, ಇವನಲ್ಲ ಕಣೇ! ನಿಜವಾದ ಗೂಬೆ! ಹಲಗೆ ಹಿಂದೆ!”

“ಹಾಸಿಗೆ ಇಳಿಸೋಕೆ ಆ ಹಲಗೆ ಎಳೆದುಹಾಕ್ದೆ. ಏನೋ ಬಿಳೀದು ಕಿಟಕಿಯಿಂದ ಆಚೆ ಹೋಯ್ತು” ಎಂದನು ಭಾವಮೈದುನ.

“ಓಡಿಸಿಬಿಟ್ಯಲ್ಲೋ ಪಾಪಿ! ಎಲ್ಲಾ ಇವನಿಂದಲೇ!”

“ಮಾಡೋದೆಲ್ಲ ನೀವು ಮಾಡಿ, ಅವನ ಮೇಲೆ ಗೂಬೆ ಕೂರಿಸ್ತೀರಾ?”

ಆ ಮಾತು ಮುಗಿಯುವುದೇ ತಡ, ಬಿಸಿಲಿಗೆ ಕಂಗೆಟ್ಟು ಸುತ್ತುತ್ತಿದ್ದ ಗೂಬೆ ಗಾಂಭೀರ್ಯದಿಂದ ಇಳಿದು ಭಾವಮೈದುನನ ತಲೆಯ ಮೇಲಿನ ಹಾಸಿಗೆಯನ್ನೇ ಸಿಂಹಾಸನ ಮಾಡಿಕೊಂಡಿತು! ಸಂಘಕ್ಕೆ ಸಂಘವೇ ಉಸಿರು ಬಿಗಿಹಿಡಿಯಿತು. ಕ್ಯಾಮೆರಾಗಳು ಕಟಕಟನೆ ನುಡಿದವು.

“ಕೂರಿಸೇಬಿಟ್ರಲ್ಲ ರೀ!” ಎಂದು ಮಡದಿ ಪಿಸುಗುಟ್ಟಿದರು.

ಮಹಾಶಯರು ಮಾತ್ರ ಎರಡು ಮಾರು ದೂರದ ಹಕ್ಕಿಗೆ ದುರ್ಬೀನು ಹಿಡಿದು, ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ, “ಎಲ್ಲಿ, ಎಲ್ಲಿ? ಬರೀ ಹಾಸಿಗೆ ಕಾಣ್ತಿದೆ!” ಎಂದು ತಡಕಾಡುತ್ತಿದ್ದರು. ದುರ್ಬೀನನ್ನು ಕೆಳಗಿಳಿಸುವ ಹೊತ್ತಿಗೆ ಅಧ್ಯಕ್ಷರು ಭಾವಮೈದುನನ ಕೈಕುಲುಕಿ ಅಭಿನಂದಿಸುತ್ತಿದ್ದರು. ಹಾಸಿಗೆಯ ಮೇಲೆ ಒಂದು ಗರಿಯೂ ಇರಲಿಲ್ಲ.

“ಏನಾಯ್ತೇ?” ಎಂದರು ಕಂಗಾಲಾಗಿ.

ಪ್ರತಿಜ್ಞೆಯನ್ನು ಮರೆಯದ ಮಡದಿ ಆ ದಿವ್ಯ ನಾಮಧೇಯವನ್ನು ಮೊದಲ ಬಾರಿಗೆ ಬಾಯಾರೆ ಉಚ್ಚರಿಸಿದರು:

“ಹಾರಿಹೋಯ್ತಪ್ಪಾ!”